ಹಳೆಯ ಔಟ್‌ಬೋರ್ಡ್ ಮೋಟಾರಿಗೆ ಸೆಲ್ಫ್ ಸ್ಟಾರ್ಟ್ ಕೂರಿಸುವ ಬಗೆ

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೆಯ ಔಟ್‌ಬೋರ್ಡಿಗೆ (ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರಿಗೆ) ಸೆಲ್ಫ್ ಹಾಕಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಸ್ಟಾರ್ಟರ್ ಮೋಟಾರನ್ನು. ನಿಜಕ್ಕೂ ಮೊದಲು ಹುಡುಕಬೇಕಾದದ್ದು ಫ್ಲೈವೀಲನ್ನು, ಅಂದರೆ ಎಂಜಿನ್ನಿನ ತಲೆಯ ಮೇಲೆ ತಿರುಗುವ ಭಾರದ ಚಕ್ರವನ್ನು. ಸ್ಟಾರ್ಟರ್ ಎಲ್ಲಿಂದಾದರೂ ಸಿಗುತ್ತದೆ, ರಿಪೇರಿಯೂ ಆಗುತ್ತದೆ. ಆದರೆ ಅಂಚಿಗೆ ಹಲ್ಲಿನ ರಿಂಗ್ ಗೇರ್ ಇರುವ, ನಿಮ್ಮ ಕ್ರ್ಯಾಂಕ್‌ಶಾಫ್ಟಿನ ಟೇಪರಿಗೆ (ತುದಿಯತ್ತ ಸಪೂರವಾಗುವ ಭಾಗಕ್ಕೆ) ಸರಿಯಾಗಿ ಕೂರುವ, ಕಾಂತಗಳ ಸುತ್ತಾಟದಿಂದ ಕಿಡಿ ಹುಟ್ಟಿಸುವ ನಿಮ್ಮ ಮ್ಯಾಗ್ನೆಟೋಗೆ ಹೊಂದುವ ಕಾಂತಗಳಿರುವ ಫ್ಲೈವೀಲ್ ಕೈಗೆ ಬರುವ ತನಕ ಬೇರೆ ಯಾವುದಕ್ಕೂ ದುಡ್ಡು ಬಿಚ್ಚಬಾರದು.

ಈ ಕೆಲಸಕ್ಕೆ ಅತ್ಯಂತ ಅನುಕೂಲವಾದ ಹಳೆಯ ಮೋಟಾರುಗಳೆಂದರೆ ಅಮೆರಿಕದ ಜಾನ್ಸನ್ ಮತ್ತು ಎವಿನ್‌ರೂಡ್‌ಗಳ ಎರಡು ಸಿಲಿಂಡರಿನ ದೊಡ್ಡ ಮಾದರಿಗಳು. ಎರಡೂ ಔಟ್‌ಬೋರ್ಡ್ ಮೆರೀನ್ ಕಾರ್ಪೊರೇಷನ್, ಅಂದರೆ ಓಎಂಸಿ ಎಂಬ ಒಂದೇ ಕಂಪನಿಯವಾಗಿದ್ದವು. ಜಾನ್ಸನ್ ತಯಾರಾಗುತ್ತಿದ್ದದ್ದು ಇಲಿನಾಯ್‌ನ ವಾಕೀಗನ್‌ನಲ್ಲಿ, ಎವಿನ್‌ರೂಡ್ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ. ಮೇಲಿನ ಬಣ್ಣ, ಮುಚ್ಚಳ, ಹೆಸರು ಬೇರೆಯಾದರೂ ಒಳಗಿನ ಎಂಜಿನ್ ಭಾಗ, ಅಂದರೆ ಪವರ್‌ಹೆಡ್ ಬಹುತೇಕ ಒಂದೇ. 1951ರಲ್ಲಿ 25 ಅಶ್ವಶಕ್ತಿಯಾಗಿ ಬಂದ ಜಾನ್ಸನ್ ಆರ್‌ಡಿ ಸರಣಿ 1956ರಲ್ಲಿ 30, 1957ರಲ್ಲಿ 35, 1960ರಲ್ಲಿ 40 ಆಯಿತು. 1954ರಿಂದ ಈ ಸಾಲಿನಲ್ಲಿ ಕಾರ್ಖಾನೆಯೇ ಎಲೆಕ್ಟ್ರಿಕ್ ಸ್ಟಾರ್ಟ್ ಮಾದರಿಗಳನ್ನೂ ಮಾಡಿತು. ಆ ದಶಕದ ಜಾನ್ಸನ್‌ಗಳಲ್ಲಿ ಆರ್‌ಡಿ ಎಂದಿದ್ದರೆ ಹಗ್ಗದ್ದು, ಆರ್‌ಡಿಇ ಎಂದಿದ್ದರೆ ಸೆಲ್ಫ್ ಇರುವುದು. ಇಡೀ ಕೆಲಸ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ನಿಮ್ಮ ಮೋಟಾರಿನ ಒಡಹುಟ್ಟು ಮಾದರಿಯೊಂದು ಸೆಲ್ಫ್‌ನೊಂದಿಗೆ ಕಾರ್ಖಾನೆಯಿಂದ ಹೊರಬಂದಿದ್ದರೆ ನೀವು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಆ ಮಾದರಿಯ ಭಾಗಗಳನ್ನು ತಂದು ಅವು ಇರಬೇಕಾದ ಜಾಗದಲ್ಲಿ ಕೂರಿಸಿದರೆ ಸಾಕು. ಅಂಥ ಒಡಹುಟ್ಟು ಇಲ್ಲದ ಮೋಟಾರಿಗೆ ಸೆಲ್ಫ್ ಹಾಕಲು ಹೋಗಬೇಡಿ ಎಂಬುದೇ ನನ್ನ ಸಲಹೆ. ಬ್ರಾಕೆಟ್ ವೆಲ್ಡ್ ಮಾಡಿ, ಕಾರಿನ ರಿಂಗ್ ಗೇರ್ ಕತ್ತರಿಸಿ, ಲೇತಿನಲ್ಲಿ ಹೊಂದಿಸಿ ಮಾಡಿದವರಿದ್ದಾರೆ. ಸಾವಿರಾರು ಸುತ್ತು ತಿರುಗುವ ಫ್ಲೈವೀಲಿನಿಂದ ಉಕ್ಕಿನ ಬಳೆಯೊಂದು ಕಳಚಿಕೊಂಡರೆ ಅದು ಹೋಗಿ ಬಡಿಯುವುದು ಪಕ್ಕದಲ್ಲಿ ಕುಳಿತವರಿಗೆ.

ಭಾಗಗಳ ಪಟ್ಟಿ ಬರೆಯುವ ಮುನ್ನ ಎಂಜಿನ್ನಿನ ಆರೋಗ್ಯ ನೋಡಬೇಕು. ಹಗ್ಗದ ಎರಡು ಮೂರು ಎಳೆತಕ್ಕೆ ಹತ್ತಿಕೊಳ್ಳದ ಮೋಟಾರಿಗೆ ಸೆಲ್ಫ್ ಮದ್ದಲ್ಲ. ಬ್ಯಾಟರಿ ಬರಿದಾಗುವ ತನಕ ಅದು ಸುಮ್ಮನೆ ತಿರುಗುತ್ತಲೇ ಇರುತ್ತದೆ, ಅಷ್ಟೇ. ಎರಡೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಏಳುವ ಒತ್ತಡ) ಅಳೆಯಿರಿ. ಅವೆರಡರ ನಡುವೆ ಶೇಕಡಾ 10ಕ್ಕಿಂತ ಹೆಚ್ಚಿನ ಅಂತರವಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ನಂತರ ಕಿಡಿ. ಓಎಂಸಿಯ 1950ರ ದಶಕದ ಮ್ಯಾಗ್ನೆಟೋ ಕಾಯಿಲುಗಳ ಹೊರಕವಚ ವರ್ಷ ಕಳೆದಂತೆ ಬಿರುಕು ಬಿಡುತ್ತದೆ. ಇದು ಆ ಕಾಲದ ಹೆಚ್ಚುಕಡಿಮೆ ಎಲ್ಲ ಮೋಟಾರುಗಳಲ್ಲೂ ಕಾಣುವ ಕಾಯಿಲೆ. ಬಿರುಕಿನೊಳಗೆ ತೇವ ಹೊಕ್ಕರೆ ಕಿಡಿ ಪ್ಲಗ್ಗಿನವರೆಗೆ ಬರುವುದೇ ಇಲ್ಲ. ಸುಮಾರು 6 ಮಿ.ಮೀ. ಅಂತರವನ್ನು ಕಿಡಿ ನೀಲಿಯಾಗಿ, ಚಟ್ ಎಂದು ಹಾರಬೇಕು. ಹೇಗೂ ಫ್ಲೈವೀಲ್ ಕಳಚಲೇಬೇಕು; ಆ ಹೊತ್ತಿಗೇ ಎರಡು ಕಾಯಿಲು, ಎರಡು ಕಂಡೆನ್ಸರು, ಎರಡು ಜೊತೆ ಪಾಯಿಂಟು (ತೆರೆದು ಮುಚ್ಚಿ ಕಿಡಿಯ ಸಮಯ ನಿರ್ಧರಿಸುವ ಸಂಪರ್ಕಗಳು) ಹೊಸದಾಗಿ ಹಾಕಿ, ಪಾಯಿಂಟಿನ ಅಂತರ 0.020 ಇಂಚಿಗೆ, ಅಂದರೆ ಸುಮಾರು 0.5 ಮಿ.ಮೀ.ಗೆ ಇಟ್ಟುಬಿಡಿ. ಸೆಲ್ಫ್ ಕೂರಿಸಿ ಆದಮೇಲೆ ಮತ್ತೆ ಅದೇ ಫ್ಲೈವೀಲ್ ಕಳಚುವುದು ಎರಡು ಪಟ್ಟು ಕೆಲಸ.

ಫ್ಲೈವೀಲ್ ಕಳಚುವುದಕ್ಕೂ ಒಂದು ಕ್ರಮವಿದೆ. ಅದರ ನಡುವೆ ಕೊರೆದು ಮರೆ (ಬೋಲ್ಟು ಹಿಡಿಯುವ ಸುರುಳಿ ಗೆರೆ, ಥ್ರೆಡ್) ಹಾಕಿದ ಮೂರು ತೂತುಗಳಿರುತ್ತವೆ; ಪುಲ್ಲರಿನ ಬೋಲ್ಟುಗಳು ಹೋಗಬೇಕಾದದ್ದು ಅಲ್ಲಿಗೆ. ಅಂಚಿಗೆ ಕೊಂಡಿ ಹಾಕಿ ಎಳೆಯುವ ಮೂರು ಕಾಲಿನ ಪುಲ್ಲರ್ ಬಳಸಿದರೆ ಅಂಚು ಬಾಗುತ್ತದೆ, ಸುತ್ತು ಓಲಾಡುತ್ತದೆ. ಕ್ರ್ಯಾಂಕಿನ ತುದಿಗೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಬೇರಿಂಗಿಗೂ ಪೆಟ್ಟು, ಒಳಗಿನ ಕಾಂತದ ಶಕ್ತಿಗೂ ಪೆಟ್ಟು. ಪುಲ್ಲರನ್ನು ಬಿಗಿ ಮಾಡಿ, ಅದರ ನಡುವಿನ ಸ್ಕ್ರೂವಿನ ತಲೆಗೆ ಒಂದು ಚುರುಕಾದ ತಟ್ಟು ಕೊಟ್ಟರೆ ಟೇಪರಿನಿಂದ ಫ್ಲೈವೀಲ್ ತಾನೇ ಬಿಟ್ಟುಕೊಳ್ಳುತ್ತದೆ.

ಹೊಸ ಫ್ಲೈವೀಲನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಟೇಪರಿನ ಉದ್ದ, ಕೀ (ಫ್ಲೈವೀಲಿನ ಸ್ಥಾನ ತೋರಿಸುವ ಲೋಹದ ತುಂಡು) ಕೂರುವ ತೋಡಿನ ಜಾಗ, ಕಾಂತಗಳ ಸ್ಥಾನ, ಒಳ ಆಳ, ಈ ನಾಲ್ಕೂ ಒಂದೇ ಇರಬೇಕು. ಪಾಯಿಂಟ್ ಇರುವ ಮೋಟಾರಿಗೆ ನಂತರದ ಕಾಲದ, ಪಾಯಿಂಟಿಲ್ಲದೆ ಎಲೆಕ್ಟ್ರಾನಿಕ್ಸಿನಿಂದ ಕಿಡಿ ಕೊಡುವ ಸಿಡಿಐ ಇಗ್ನಿಷನ್ನಿನ ಫ್ಲೈವೀಲ್ ತಂದು ಹಾಕಿದರೆ, ನೋಡಲು ಸರಿಯಾಗಿ ಕೂತಂತೆ ಕಂಡರೂ ಕಾಂತಗಳ ಜೋಡಣೆ ಬೇರೆಯಾದ್ದರಿಂದ ಕಿಡಿ ಬರುವುದಿಲ್ಲ, ಬಂದರೂ ಸಮಯಕ್ಕೆ ಬರುವುದಿಲ್ಲ. ಕೆಲವು ಫ್ಲೈವೀಲುಗಳಲ್ಲಿ ಚಾರ್ಜಿಂಗ್ ಕಾಯಿಲಿಗಾಗಿ ಹೆಚ್ಚುವರಿ ಕಾಂತಗಳೂ ಇರುತ್ತವೆ. ಅಂಥದ್ದು ಸಿಕ್ಕರೆ ಒಳ್ಳೆಯದೇ, ಆದರೆ ಅದರ ಕೆಳಗಿನ ಸ್ಟೇಟರ್ (ಚಾರ್ಜಿಂಗ್ ಸುರುಳಿಗಳ ಜೋಡಣೆ) ಸಮೇತ ಸಿಗಬೇಕು. ರಿಂಗ್ ಗೇರಿನ ಹಲ್ಲುಗಳನ್ನು ಸುತ್ತಲೂ ನೋಡಿ. ಎಂಜಿನ್ನು ನಿಲ್ಲುವಾಗ ಕಂಪ್ರೆಷನ್ನಿನ ಎದುರು ಬಂದು ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ ನಿಲ್ಲುವುದರಿಂದ ಸವೆತವೂ ಆ ಜಾಗಗಳಲ್ಲೇ ಇರುತ್ತದೆ. ಒಂದು ಕಡೆ ಚೆನ್ನಾಗಿರುವುದನ್ನು ಕಂಡು ಕೊಂಡುಬಿಡಬೇಡಿ.

ಕೂರಿಸುವಾಗ ಟೇಪರಿನ ಎರಡೂ ಮೈ ಥಿನ್ನರ್ ಹಾಕಿ ಒರೆಸಿ ಪೂರ್ತಿ ಒಣಗಿರಬೇಕು. ಇಲ್ಲಿ ಎಣ್ಣೆ, ಗ್ರೀಸು ಬೇಡವೇ ಬೇಡ. ಫ್ಲೈವೀಲನ್ನು ಹಿಡಿದಿಡುವುದು ಟೇಪರಿನ ಬಿಗಿತ. ಕೀ ಇರುವುದು ಸ್ಥಾನ ತೋರಿಸಲಿಕ್ಕೆ ಮಾತ್ರ. ಕೀ ಕತ್ತರಿಸಿಹೋಗಿದೆ ಎಂದರೆ ಕೀ ದುರ್ಬಲವಾಗಿತ್ತು ಎಂದಲ್ಲ, ಟೇಪರ್ ಜಾರಿದೆ, ನಟ್ಟು ಸಡಿಲವಿತ್ತು ಎಂದರ್ಥ. ಓಎಂಸಿ ಮೋಟಾರಿನಲ್ಲಿ ಕೀಯ ಹೊರ ಅಂಚು ಟೇಪರಿನ ಇಳಿಜಾರಿಗಲ್ಲ, ಕ್ರ್ಯಾಂಕಿನ ನಡುಗೆರೆಗೆ ಸಮಾನಾಂತರವಾಗಿ ನಿಲ್ಲಬೇಕು. ನಟ್ಟನ್ನು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಿ. ಹಗ್ಗದ ಎಳೆತಕ್ಕೆ ತಡೆದುಕೊಂಡಿದ್ದ ಅರೆಬಿಗಿ ನಟ್ಟು ಸ್ಟಾರ್ಟರಿನ ಹೊಡೆತಕ್ಕೆ ತಡೆಯುವುದಿಲ್ಲ.

ಇನ್ನು ಸ್ಟಾರ್ಟರ್ ಕೂರುವ ಜಾಗ. ಒಡಹುಟ್ಟು ಮಾದರಿಗಳಲ್ಲಿ ಎರಕ ಬಹುಪಾಲು ಒಂದೇ ಇರುವುದರಿಂದ ಬ್ರಾಕೆಟ್ ಕೂರುವ ಗುಬುಟುಗಳು (ಎರಕದ ಮೇಲೆ ಉಬ್ಬಿದ ದಪ್ಪ ಭಾಗಗಳು) ಹಗ್ಗದ ಮಾದರಿಯಲ್ಲೂ ಇರುವ ಸಾಧ್ಯತೆ ಉಂಟು. ಕೆಲವಕ್ಕೆ ಮರೆ ಹಾಕಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗುಬುಟಿದ್ದು ಮರೆ ಇಲ್ಲದಿದ್ದರೆ ಬ್ರಾಕೆಟನ್ನೇ ಅಚ್ಚಾಗಿಟ್ಟು ಗುರುತು ಹಾಕಿ, ಡ್ರಿಲ್ಲಿಗೆ ಆಳದ ತಡೆ ಕಟ್ಟಿ ಕೊರೆಯಬಹುದು. ಗುಬುಟೇ ಇಲ್ಲದಿದ್ದರೆ ಕೈ ಹಾಕಬೇಡಿ. ಬ್ಲಾಕಿನ ಗೋಡೆಯ ಹಿಂದೆ ತಂಪು ನೀರಿನ ಹಾದಿ ಇರಬಹುದು. ಕ್ರ್ಯಾಂಕ್‌ಕೇಸಿಗೆ ತೂತು ಬಿದ್ದರಂತೂ ಟು-ಸ್ಟ್ರೋಕ್ ಎಂಜಿನ್ನಿನ ಉಸಿರೇ ನಿಂತಂತೆ, ಏಕೆಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ದೂಡುವುದು ಆ ಕೇಸಿನೊಳಗಿನ ಒತ್ತಡವೇ. ನಮ್ಮಲ್ಲಿ ಈ ಕೆಲಸ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ಈ ಮೋಟಾರುಗಳ ಮರೆಯೆಲ್ಲ ಇಂಚಿನ ಲೆಕ್ಕದ್ದು. ಒಂದಿಂಚಿಗೆ 18 ಸುತ್ತಿರುವ 5/16 ಇಂಚಿನ ಮರೆಗೆ ನಮ್ಮ ಅಂಗಡಿಯ 8 ಎಂ.ಎಂ. ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಅಮೆರಿಕದ್ದರ ಸುತ್ತಿನ ಅಂತರ 1.41 ಮಿ.ಮೀ., ನಮ್ಮದರದ್ದು 1.25. ಮೂರನೇ ಸುತ್ತಿಗೆ ಬಿಗಿಯಾಯಿತೆಂದು ಸ್ಪ್ಯಾನರಿಗೆ ಬಲ ಕೊಟ್ಟರೆ ಅಲ್ಯುಮಿನಿಯಮ್ಮಿನ ಮರೆ ಕಿತ್ತುಬರುತ್ತದೆ. ಸ್ಟೇನ್‌ಲೆಸ್ ಬೋಲ್ಟು ಹಾಕುವಾಗ ಮರೆಗೆ ಸೀಲಂಟ್ ಸವರಿ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ಸೂ ಅಲ್ಯುಮಿನಿಯಮ್ಮೂ ನೇರವಾಗಿ ತಾಗಿದರೆ ಕೆಲವೇ ವರ್ಷಗಳಲ್ಲಿ ಬಿಚ್ಚಲಾಗದಂತೆ ಬೆಸೆದುಕೊಳ್ಳುತ್ತವೆ.

ಮೇಲಿನಿಂದ ನೋಡಿದರೆ ಈ ಮೋಟಾರುಗಳ ಫ್ಲೈವೀಲ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಹಲ್ಲಿಗೆ ಹಲ್ಲು ಹೊರಗಿನಿಂದ ಕೂಡುವುದರಿಂದ ಸ್ಟಾರ್ಟರಿನ ಪಿನಿಯನ್ (ತುದಿಯ ಸಣ್ಣ ಹಲ್ಲಿನ ಚಕ್ರ) ಎಡಕ್ಕೆ ತಿರುಗಬೇಕು. ಗುಜರಿಯಲ್ಲಿ ಸಿಕ್ಕ ಕಾರಿನ ಸ್ಟಾರ್ಟರ್ ಉಲ್ಟಾ ತಿರುಗುತ್ತದೆಂದು ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ನೋಡುವವರಿದ್ದಾರೆ. ಹಳೆಯ ಸ್ಟಾರ್ಟರುಗಳಲ್ಲಿ ಫೀಲ್ಡಿಗೂ (ಹೊರಗೆ ತಿರುಗದೆ ನಿಂತ ಕಾಂತಕ್ಕೂ) ತಂತಿಯ ಸುರುಳಿಯೇ ಇರುತ್ತದೆ. ಪೋಲಾರಿಟಿ ಅದಲುಬದಲು ಮಾಡಿದರೆ ಫೀಲ್ಡು, ಒಳಗೆ ತಿರುಗುವ ಆರ್ಮೇಚರು ಎರಡರ ಧ್ರುವಗಳೂ ಒಟ್ಟಿಗೆ ಬದಲಾಗುವುದರಿಂದ ದಿಕ್ಕು ಬದಲಾಗುವುದಿಲ್ಲ. ಬದಲಾಗುವುದು ಒಳಗೆ ಶಾಶ್ವತ ಕಾಂತವಿರುವ ನಂತರದ ಕಾಲದ ಮೋಟಾರಿನಲ್ಲಿ ಮಾತ್ರ. ಒಡಹುಟ್ಟು ಮಾದರಿಯ ಸ್ಟಾರ್ಟರನ್ನೇ ತನ್ನಿ. ಬ್ರಷ್ಷು, ಬುಷ್ಷು ಬದಲಿಸಿ, ಕಮ್ಯುಟೇಟರ್ ಪಟ್ಟಿಗಳ ನಡುವಿನ ಮೈಕಾವನ್ನು ಸ್ವಲ್ಪ ತಗ್ಗಿಸಿ, ವೈಸಿನಲ್ಲಿ ಬಿಗಿಯಾಗಿ ಹಿಡಿದು ತಿರುಗಿಸಿ ನೋಡಿ. ಕೈಯಲ್ಲಿ ಹಿಡಿದು ಕರೆಂಟ್ ಕೊಟ್ಟರೆ ಮಣಿಕಟ್ಟು ತಿರುಚೀತು.

ಈ ಸ್ಟಾರ್ಟರ್ ಲಂಬವಾಗಿ ನಿಲ್ಲುತ್ತದೆ, ಪಿನಿಯನ್ನನ್ನು ಏರಿಸಿ ಇಳಿಸುವ ಬೆಂಡಿಕ್ಸ್ ಮೇಲ್ತುದಿಯಲ್ಲಿರುತ್ತದೆ. ಶಾಫ್ಟು ಥಟ್ಟನೆ ತಿರುಗಿದಾಗ ಪಿನಿಯನ್ ತನ್ನ ಜಡತ್ವದಿಂದ ಹಿಂದೆ ಬಿದ್ದು, ಸುರುಳಿ ಮರೆಯ ಮೇಲೆ ಏರಿ ರಿಂಗ್ ಗೇರಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ನು ಹತ್ತಿಕೊಂಡೊಡನೆ ಫ್ಲೈವೀಲ್ ಅದಕ್ಕಿಂತ ವೇಗವಾಗಿ ಓಡಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಅಂದರೆ ಪಿನಿಯನ್ ಏರುವುದಕ್ಕೆ ಬಲಕ್ಕಿಂತ ಥಟ್ಟನೆಯ ವೇಗ ಮುಖ್ಯ. ಬ್ಯಾಟರಿ ಸೊರಗಿದ್ದರೆ, ಕೇಬಲ್ ತೆಳುವಾಗಿದ್ದರೆ ಅಥವಾ ಸುರುಳಿ ಮರೆಗೆ ಗ್ರೀಸ್ ಮೆತ್ತಿದ್ದರೆ ಸ್ಟಾರ್ಟರ್ ಗಿರ್ರೆಂದು ಒಂಟಿಯಾಗಿ ತಿರುಗುತ್ತದೆ, ಪಿನಿಯನ್ ಕೆಳಗೇ ಕುಳಿತಿರುತ್ತದೆ. ಅಲ್ಲಿಗೆ ಗ್ರೀಸ್ ಹಚ್ಚಬೇಡಿ. ತೆಳು ಎಣ್ಣೆಯ ಒಂದು ಹನಿ ಸಾಕು. ಹಲ್ಲಿನ ಕೂಡಿಕೆ ನೋಡಲು ಪಿನಿಯನ್ನನ್ನು ಕೈಯಲ್ಲಿ ಮೇಲೆತ್ತಿ, ಫ್ಲೈವೀಲನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲ ಕಡೆಯೂ ತುಸು ಆಟ ಇರಬೇಕು. ಆಟವೇ ಇಲ್ಲದಿದ್ದರೆ ಪಿನಿಯನ್ ಬಿಟ್ಟುಕೊಳ್ಳದೆ ಕಿರುಚುತ್ತದೆ. ಹೆಚ್ಚಾದರೆ ಹಲ್ಲಿನ ತುದಿಗಳಷ್ಟೇ ತಾಗಿ ಕೆಲವೇ ದಿನಗಳಲ್ಲಿ ತಿಂದುಹೋಗುತ್ತವೆ.

ವೈರಿಂಗಿನಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಬ್ಯಾಟರಿಯ ಕರೆಂಟು ಮ್ಯಾಗ್ನೆಟೋದ ತಂತಿಯನ್ನು ಎಂದೂ ಮುಟ್ಟಬಾರದು. ಕಾರಿನಲ್ಲಿ ಕೀಲಿ ಆನ್ ಮಾಡಿದಾಗ ಕಾಯಿಲಿಗೆ 12 ವೋಲ್ಟ್ ಹೋಗುತ್ತದೆ. ಮ್ಯಾಗ್ನೆಟೋ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ; ಅದಕ್ಕೆ ಬೇಕಾದದ್ದು ನಿಲ್ಲಿಸುವ ವ್ಯವಸ್ಥೆ ಮಾತ್ರ. ಕಾರಿನ ಕೀಲಿ ಸ್ವಿಚ್ಚನ್ನು ತಂದು ಮ್ಯಾಗ್ನೆಟೋಗೆ ಜೋಡಿಸಿದರೆ ಕಾಯಿಲು, ಪಾಯಿಂಟುಗಳೆಲ್ಲ ಒಂದೇ ಬಾರಿಗೆ ಹಾಳು. ಬೇಕಾದದ್ದು ಔಟ್‌ಬೋರ್ಡಿನ ಮ್ಯಾಗ್ನೆಟೋ ಸ್ವಿಚ್; ಅದರಲ್ಲಿ ಎಂ ಎಂದು ಗುರುತಿಸಿದ ಎರಡು ಟರ್ಮಿನಲ್‌ಗಳಿದ್ದು, ಕೀಲಿ ಆಫ್ ಮಾಡಿದಾಗ ಅವು ಒಂದಕ್ಕೊಂದು ಸೇರುತ್ತವೆ. ಓಎಂಸಿಯ ಎರಡು ಸಿಲಿಂಡರಿನ ಮ್ಯಾಗ್ನೆಟೋದಲ್ಲಿ ಒಂದೊಂದು ಪಾಯಿಂಟಿನಿಂದ ಒಂದೊಂದು ತಂತಿ ತಂದು ಈ ಎರಡಕ್ಕೆ ಕೊಡುತ್ತಾರೆ. ಒಂದು ಪಾಯಿಂಟು ತೆರೆಯುವ ಹೊತ್ತಿಗೆ ಇನ್ನೊಂದು ಮುಚ್ಚಿ ಅರ್ತ್ ಆಗಿರುತ್ತದೆ. ಎರಡನ್ನೂ ಸೇರಿಸಿಬಿಟ್ಟರೆ ತೆರೆದದ್ದಕ್ಕೂ ಮುಚ್ಚಿದ್ದರ ಮೂಲಕ ಅರ್ತ್ ಸಿಕ್ಕಿ ಎರಡೂ ಕಿಡಿ ನಿಲ್ಲುತ್ತವೆ. ಸರಳತೆಯಲ್ಲೇ ಇದರ ಚೆಲುವಿದೆ; ಇದನ್ನು ಯೋಚಿಸಿದ ಎಂಜಿನಿಯರ್ ಬಗ್ಗೆ ನನಗೆ ಅಪಾರ ಗೌರವ.

ಕೀಲಿಯ ಸಣ್ಣ ಕರೆಂಟಿನಿಂದ ಸ್ಟಾರ್ಟರಿನ ದೊಡ್ಡ ಕರೆಂಟನ್ನು ಜೋಡಿಸುವ ಸಾಲಿನಾಯ್ಡಿನಲ್ಲೂ ಇದೇ ಗುಂಡಿ ಕಾದಿರುತ್ತದೆ. ಫೋರ್ಡ್ ಕಾರುಗಳಲ್ಲಿ ಬಳಸುತ್ತಿದ್ದ, ನೋಡಲು ತದ್ರೂಪಾದ ಸಾಲಿನಾಯ್ಡಿಗೆ ಎಸ್ ಮತ್ತು ಐ ಎಂಬ ಎರಡು ಸಣ್ಣ ಟರ್ಮಿನಲ್‌ಗಳಿರುತ್ತವೆ. ಐ ಟರ್ಮಿನಲ್ಲಿನಿಂದ ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ 12 ವೋಲ್ಟ್ ಹೊರಬರುತ್ತದೆ. ಕಾರಿಗೆ ಅದು ಬೇಕು. ಔಟ್‌ಬೋರ್ಡಿನ ಸಾಲಿನಾಯ್ಡಿನಲ್ಲಿ ಎರಡೂ ಸಣ್ಣ ಟರ್ಮಿನಲ್‌ಗಳು ಒಳಗಿನ ಸುರುಳಿಯ ಎರಡು ತುದಿಗಳು: ಒಂದಕ್ಕೆ ಕೀಲಿಯ ತಂತಿ, ಇನ್ನೊಂದು ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಅರ್ತ್‌ಗೆ. ಮೀಟರಿನಲ್ಲಿ ಈ ಎರಡರ ನಡುವೆ ಕೆಲವು ಓಮ್ ತೋರಿಸಬೇಕು, ಹೊರಮೈಗೆ ಏನೂ ತೋರಿಸಬಾರದು. ಪೆಟ್ರೋಲ್ ಆವಿ ಸುಳಿಯುವ ಮುಚ್ಚಳದೊಳಗೆ ಇರುವ ವಸ್ತುವಾದ್ದರಿಂದ ಕಿಡಿ ಹೊರಬಾರದಂತೆ ಮುಚ್ಚಿದ ಮೆರೀನ್ ಸಾಲಿನಾಯ್ಡನ್ನೇ ಹಾಕಬೇಕು. ನ್ಯೂಟ್ರಲ್ ಸ್ವಿಚ್ಚನ್ನು ಎಷ್ಟೋ ಜನ ತೊಡಕೆಂದು ಬಿಟ್ಟುಬಿಡುತ್ತಾರೆ. ಗೇರಿನಲ್ಲಿದ್ದಾಗ ಕೀಲಿ ತಿರುಗಿಸಿದರೆ ದೋಣಿ ಮುನ್ನುಗ್ಗಿ ನಿಂತವರು ನೀರಿಗೆ ಬೀಳುತ್ತಾರೆ, ಹಿಂದೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಇದನ್ನು ಬಿಡುವಂತಿಲ್ಲ.

ಕೇಬಲ್ಲಿನ ದಪ್ಪಕ್ಕೆ ಓಎಂಸಿ ಕೊಟ್ಟ ಅಳತೆ ಹೀಗಿದೆ: ಬ್ಯಾಟರಿ 10 ಅಡಿಯೊಳಗಿದ್ದರೆ 4 ಗೇಜ್, 15 ಅಡಿಯವರೆಗೆ 2, 20 ಅಡಿಯವರೆಗೆ 1. ನಮ್ಮ ಲೆಕ್ಕದಲ್ಲಿ ಅದು ಕ್ರಮವಾಗಿ 25, 35, 50 ಚದರ ಮಿ.ಮೀ. ತಾಮ್ರ. ಯಾಕಿಷ್ಟು ದಪ್ಪ ಎನ್ನುವವರಿಗೆ ಲೆಕ್ಕ ಇಲ್ಲಿದೆ. ಬ್ಯಾಟರಿ 3 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 6 ಮೀಟರ್. 25 ಚದರ ಮಿ.ಮೀ. ತಂತಿಯಲ್ಲಿ 150 ಆಂಪಿಯರ್ ಹರಿದರೆ ದಾರಿಯಲ್ಲಿ ಕಳೆಯುವುದು ಸುಮಾರು 0.6 ವೋಲ್ಟ್, 10 ಚದರ ಮಿ.ಮೀ. ತಂತಿಯಲ್ಲಾದರೆ ಒಂದೂವರೆ ವೋಲ್ಟ್. ತಿರುಗಿಸುವಾಗ ಬ್ಯಾಟರಿಯೇ ಹತ್ತೂವರೆ ವೋಲ್ಟಿನ ಆಸುಪಾಸಿಗೆ ಇಳಿದಿರುತ್ತದೆ. ಅದರಿಂದ ಒಂದೂವರೆ ಹೋದರೆ ಬೆಂಡಿಕ್ಸ್ ಏರುವ ವೇಗ ಎಲ್ಲಿಂದ ಬರಬೇಕು? ಮೈನಸ್ ಕೇಬಲ್ಲನ್ನು ಪವರ್‌ಹೆಡ್ಡಿಗೇ ನೇರವಾಗಿ ಕೊಡಿ. ದೋಣಿಗೆ ಕಚ್ಚಿರುವ ಬ್ರಾಕೆಟಿಗೆ ಕೊಟ್ಟರೆ ಅಷ್ಟೂ ಕರೆಂಟು ಸ್ಟೀರಿಂಗಿನ ಬುಷ್ಷು, ಪಿನ್ನುಗಳ ಮೂಲಕ ದಾರಿ ಹುಡುಕಬೇಕಾಗುತ್ತದೆ. ಮೋಟಾರನ್ನು ಪೂರ್ತಿ ಎತ್ತಿ, ಎಡಬಲಕ್ಕೆ ಪೂರ್ತಿ ತಿರುಗಿಸಿ ಕೇಬಲ್ ಎಲ್ಲೂ ಬಿಗಿಯಾಗುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿಕೊಂಡ ಮೇಲೆಯೇ ಕ್ಲಿಪ್ ಹಾಕಿ. ಕೀಲಿಗೆ ಹೋಗುವ ಪ್ಲಸ್ ತಂತಿಗೆ 20 ಆಂಪಿಯರ್ ಫ್ಯೂಸ್ ಇರಲಿ. ಹಳೆಯ ತಂತಿಯ ಬಣ್ಣವನ್ನು ನಂಬಬೇಡಿ, ಮೀಟರನ್ನು ನಂಬಿ.

ಚಾರ್ಜಿಂಗ್ ಇಲ್ಲದೆ ಹೇಗೆ ಎಂಬ ಚಿಂತೆ ಅನೇಕರಿಗೆ. ಒಂದು ಸ್ಟಾರ್ಟಿಗೆ 150 ಆಂಪಿಯರ್ 3 ಸೆಕೆಂಡ್ ಎಂದು ಹಿಡಿದರೂ ಖರ್ಚಾಗುವುದು 0.125 ಆಂಪಿಯರ್-ಅವರ್. ಇಪ್ಪತ್ತು ಬಾರಿ ಸ್ಟಾರ್ಟ್ ಮಾಡಿದರೂ ಎರಡೂವರೆ. ಒಳ್ಳೆಯ 35 ಆಂಪಿಯರ್-ಅವರ್ ಬ್ಯಾಟರಿಗೆ ಅದೊಂದು ಹೊರೆಯೇ ಅಲ್ಲ. ಮನೆಗೆ ತಂದು ಚಾರ್ಜ್ ಮಾಡಿದರೆ ಆಯಿತು. ದೀಪ, ಫಿಶ್ ಫೈಂಡರ್ ಎಲ್ಲ ಇದ್ದವರಿಗೆ ಮಾತ್ರ ಸ್ಟೇಟರ್, ಅದರ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೇಕು. ಆ ಕಾಲದ ರೆಕ್ಟಿಫೈಯರಿಗೆ ವೋಲ್ಟೇಜ್ ಕಟ್ಟುಪಾಡಿಲ್ಲ. ನೀರು ತುಂಬುವ ಸಾಮಾನ್ಯ ಲೆಡ್ ಬ್ಯಾಟರಿ ಅದನ್ನು ಸಹಿಸಿಕೊಳ್ಳುತ್ತದೆ, ಲಿಥಿಯಂ ಸಹಿಸುವುದಿಲ್ಲ. ಎಂಜಿನ್ನು ಓಡುವಾಗ ಬ್ಯಾಟರಿ ಕಳಚಿದರೂ, ಪ್ಲಸ್ಸು ಮೈನಸ್ಸು ತಪ್ಪಿ ಜೋಡಿಸಿದರೂ ಡಯೋಡುಗಳು ಸುಟ್ಟುಹೋಗುತ್ತವೆ.

ಚೋಕಿಗೂ ಅದನ್ನು ಎಳೆಯುವ ಸಾಲಿನಾಯ್ಡ್ ಹಾಕದಿದ್ದರೆ ಕೀಲಿ ದೋಣಿಯ ಮುಂಭಾಗದಲ್ಲಿದ್ದು ಚೋಕ್ ಹಿಂದಿನ ಮೋಟಾರಿನಲ್ಲೇ ಇರುತ್ತದೆ. ದೂರ ನಿಯಂತ್ರಣದ ದೋಣಿಗೆ ಅದೂ ಬೇಕು. 1950ರ ದಶಕದ ಓಎಂಸಿಯ ಬಹುಪಾಲು ಮೋಟಾರುಗಳಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ, ಎರಡು ನಳಿಗೆಯ ಒತ್ತಡದ ಟ್ಯಾಂಕ್ ಇತ್ತು. ಅದರ ಮೇಲಿನ ಗುಂಡಿಯನ್ನು ಗಟ್ಟಿಯಾಗುವ ತನಕ ಒತ್ತಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ತುಂಬದೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಬಿಸಿಯಾಗುತ್ತದೆಯೇ ಹೊರತು ಎಂಜಿನ್ನು ಹತ್ತುವುದಿಲ್ಲ.

ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರದ ನಾಡದೋಣಿಗಳ ಔಟ್‌ಬೋರ್ಡುಗಳಿಗೆ ಇದನ್ನು ಮಾಡಬಹುದೇ ಎಂದು ಕೇಳಿದರೆ ನನ್ನ ಉತ್ತರ, ಬೇಡ. ಅವುಗಳಲ್ಲಿ ಅನೇಕ ಪೆಟ್ರೋಲಿನಲ್ಲಿ ಹತ್ತಿಕೊಂಡು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಎಂಜಿನ್ನುಗಳು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಯಾವ ಸೆಲ್ಫಿಗೂ ಬಗ್ಗುವುದಿಲ್ಲ. ಅಲೆ ಒಡೆಯುವಲ್ಲಿ ದೋಣಿ ಇಳಿಸುವಾಗ ಬ್ಯಾಟರಿ ಪೆಟ್ಟಿಗೆಗೆ ಉಪ್ಪುನೀರು ನುಗ್ಗುವುದು ತಪ್ಪದು. ಅಲ್ಲಿ ಹಗ್ಗವೇ ಭರವಸೆಯ ದಾರಿ.

ಮೊದಲ ಸ್ಟಾರ್ಟಿಗೆ ಮುನ್ನ ಪ್ಲಗ್ಗು ಬಿಚ್ಚಿ, ಪ್ಲಗ್ ವೈರುಗಳನ್ನು ಬ್ಲಾಕಿಗೆ ಅರ್ತ್ ಮಾಡಿ ಬರಿದೇ ತಿರುಗಿಸಿ ನೋಡಿ. ಬೆಂಡಿಕ್ಸ್ ಏರಿ ಇಳಿಯುವುದು ಕಣ್ಣಿಗೆ ಕಾಣಬೇಕು. ಆಮೇಲೆ ಕೆಳಗಿನ ಭಾಗ ನೀರಿನಲ್ಲಿ ಮುಳುಗಿರುವಾಗಲೇ ಎಂಜಿನ್ನು ಓಡಿಸಬೇಕು, ಇಲ್ಲದಿದ್ದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ನಿಮಿಷದೊಳಗೆ ಸುಡುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬೇಡಿ, ಎರಡು ನಿಮಿಷ ಆರಲು ಬಿಡಿ. ಸಾಲಿನಾಯ್ಡ್ ಟಕಟಕ ಎಂದರೆ ಬ್ಯಾಟರಿ ಅಥವಾ ಅರ್ತ್ ನೋಡಿ. ಎಂಜಿನ್ನು ಒಂದೇ ಒಂದು ಬಾರಿ ಕೆಮ್ಮಿ ಪಿನಿಯನ್ ಬಿದ್ದುಹೋಗುತ್ತಿದ್ದರೆ ತಪ್ಪು ಸ್ಟಾರ್ಟರಿನದಲ್ಲ. ಕಿಡಿ ಅಥವಾ ಪೆಟ್ರೋಲಿನದು. ಕೀಲಿ ಬಿಟ್ಟರೂ ಸ್ಟಾರ್ಟರ್ ನಿಲ್ಲದಿದ್ದರೆ ಸಾಲಿನಾಯ್ಡಿನ ಒಳಗಿನ ತಟ್ಟೆ ಬೆಸೆದುಕೊಂಡಿದೆ. ಎಂಜಿನ್ನನ್ನು ನಿಲ್ಲಿಸಿ, ತಕ್ಷಣ ಬ್ಯಾಟರಿಯ ಮುಖ್ಯ ಸ್ವಿಚ್ ಆಫ್ ಮಾಡಬೇಕು. ಆ ಸ್ವಿಚ್ ಕೈಗೆಟುಕುವ ಜಾಗದಲ್ಲಿರಲಿ.

ಕಳಚಿದ ಹಳೆಯ ಫ್ಲೈವೀಲ್, ಹಗ್ಗದ ಸ್ಟಾರ್ಟರ್, ಅವುಗಳ ಬೋಲ್ಟುಗಳನ್ನು ಎಣ್ಣೆ ಸವರಿ, ಚೀಟಿ ಕಟ್ಟಿ ಒಂದೇ ಡಬ್ಬದಲ್ಲಿಡಿ; ಮುಂದೆ ಈ ಮೋಟಾರನ್ನು ಮೊದಲಿನ ರೂಪಕ್ಕೆ ತರಬಯಸುವವರಿಗೆ ಅವೆಲ್ಲ ಬೇಕಾಗುತ್ತವೆ. ಹೊಸ ಫ್ಲೈವೀಲಿನ ಮೇಲೆ ಹಗ್ಗ ಸುತ್ತುವ ತೋಡಿನ ತಟ್ಟೆ ಕೂರಿಸಲು ಜಾಗವಿದ್ದರೆ ಅದನ್ನು ಹಾಕಿ, ತುದಿಗೆ ಗಂಟು ಹಾಕಿದ ಐದಡಿ ನೈಲಾನ್ ಹಗ್ಗವನ್ನೂ ಪ್ಲಗ್ ಸ್ಪ್ಯಾನರನ್ನೂ ದೋಣಿಯಲ್ಲೇ ಇಟ್ಟಿರಿ.